ದುಂಡವ್ವ ಕವಲಾಪುರಕ್ಕೆ ಹೋಗಿದ್ದಾಳೆ

ಮಿರಜ
11 ಜುಲೈ 2024

ಮಾನ್ಯರೇ,

ನಿಮ್ಮ ತಂತ್ರಾಂಶದ ಕನ್ನಡ ಸಹಾಯ ಪುಟದ ಕೆಳಗೆ ಈ ಇ-ಮೇಲ್ ವಿಳಾಸ ಇತ್ತು. ತಿಳಿಯದಿದ್ದರೆ ಬರೆಯಿರಿ ಎಂದಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಹುಟ್ಟಿದ್ದು ಸಲಗರೆಯಲ್ಲಿ. ಏಳನೆಯ ತರಗತಿ ತನಕ ಕನ್ನಡ ಶಾಲೆ, ಆಮೇಲೆ ಸ್ವಲ್ಪ ಮರಾಠಿ ಶಾಲೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಮ್ಮ ಬಸದಿಯ ಹಿಂದೆ ಭಾಂಡೆ ಖೋಲಿ ಎಂಬ ಕೋಣೆ ಇದೆ. ಮದುವೆ, ವ್ರತದ ಊಟ, ತೀರಿಹೋದವರ ದಿನ, ಏನಿದ್ದರೂ ನಮ್ಮ ಜೈನ ಸಮಾಜದವರು ಅಡುಗೆಯ ದೊಡ್ಡ ಪಾತ್ರೆಗಳನ್ನು ಇಲ್ಲಿಂದ ಒಯ್ಯುತ್ತಾರೆ. ಬಾಡಿಗೆ ಇಲ್ಲ. ತೊಳೆದು ತಂದಿಟ್ಟರೆ ಆಯಿತು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಹಾಗಾಗಿ ಪಾತ್ರೆಯೂ ಹೊತ್ತು ಮುಳುಗುವುದರೊಳಗೆ ಬರಬೇಕು. 2019ರ ಮಹಾಪೂರದಲ್ಲಿ ಸಾಂಗಲಿ ನೀರಿನಲ್ಲಿ ನಿಂತಾಗ ಪಾತ್ರೆಗಳೆಲ್ಲ ಗಂಜಿ ಕೇಂದ್ರಗಳಿಗೆ ಹೋದವು. ಯಾವುದು ಎಲ್ಲಿದೆ ಎಂದು ಯಾರಿಗೂ ತಿಳಿಯದಾಯಿತು. ಆಗ ನಮ್ಮವರು, ಅಂದರೆ ನಮ್ಮ ಯಜಮಾನರು, ನಿಮ್ಮ ಪುಕ್ಕಟೆ ಆಫೀಸ್ ತಂತ್ರಾಂಶದಲ್ಲಿ ಒಂದು ಡೇಟಾಬೇಸ್ ಮಾಡಿದರು. ಅವರು ಸಾಂಗಲಿ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಅಡತಿ ಅಂಗಡಿಯ ಗುಮಾಸ್ತೆ. ಸಂಜೆ ಬಂದು ಕೂತು, ಪುಸ್ತಕ ನೋಡಿ ನೋಡಿ ಮಾಡಿದ್ದು.

ಹೋದ ತಿಂಗಳು ಮನೆಯ ಕಂಪ್ಯೂಟರ್ ಸುಟ್ಟಿತು. ಫೈಲ್ ಪೆನ್‌ಡ್ರೈವಿನಲ್ಲಿ ಉಳಿದಿದೆ. ಪಕ್ಕದ ಮನೆಯ ಸ್ವಪ್ನಾಲಿ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಳು. ಅದರಲ್ಲಿ ಫೈಲ್ ತೆರೆಯುತ್ತದೆ, ಒಳಗಿನ ಟೇಬಲ್ ತೆರೆಯುವುದಿಲ್ಲ, ಜಾವಾ ಎಂಬುದೇನೋ ಬೇಕು ಎನ್ನುತ್ತದೆ. ಬಸದಿ ಕಮಿಟಿಯ ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟು ತಂದ ಬೇರೆ ಆಫೀಸ್ ಇದೆ. ಅದು ಈ ಫೈಲನ್ನು ಗುರುತೇ ಹಿಡಿಯುವುದಿಲ್ಲ.

ಕಮಿಟಿಯ ಹಿರಿಯರಾದ ಪಾಯಪ್ಪ ಕಾಕಾ ಒಂದು ಮಾತು ಹೇಳಿದ್ದಾರೆ. ದೀಪಾವಳಿಯ ನಂತರದ ಸಭೆಯಲ್ಲಿ ಕಮಿಟಿಯ ಕಂಪ್ಯೂಟರಿನಲ್ಲೇ ಎಲ್ಲ ಪಾತ್ರೆಗಳ ಮಾಹಿತಿ ಕಾಣಬೇಕು. ಇಲ್ಲವಾದರೆ ಖೋಲಿ ಮುಚ್ಚಿ ಪಾತ್ರೆಗಳನ್ನು ಗುಜರಿಗೆ ತೂಕಕ್ಕೆ ಹಾಕುವುದು. ಈಗ ಎಲ್ಲರೂ ಕೇಟರಿಂಗಿನವರನ್ನು ಕರೆಯುತ್ತಾರೆ, ಯಾರಿಗೆ ಬೇಕು ಎನ್ನುತ್ತಾರೆ.

ಮಧ್ಯಾಹ್ನದಿಂದ ಸಂಜೆತನಕ ನಾನು ಆ ಖೋಲಿಯಲ್ಲಿ ಕೂಡುತ್ತೇನೆ. ಅದು ಮುಚ್ಚಿದರೆ ನನಗೆ ಕೂಡಲು ಬೇರೆ ಜಾಗವಿಲ್ಲ. ಮನೆ ಇದೆ, ಆದರೂ ಇಲ್ಲ.

ನಮ್ಮವರನ್ನು ಕೇಳುವ ಹಾಗಿಲ್ಲ. ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ.

ಸುಮನ


ಭೋಪಾಲ
13 ಜುಲೈ 2024

ಪ್ರಿಯ ಸುಮನ ಅವರಿಗೆ,

ನಿಮ್ಮ ಪತ್ರ ಕಂಡು ನಮ್ಮ ಕನ್ನಡ ತಂಡಕ್ಕೆ ಬಹಳ ಸಂತೋಷವಾಯಿತು. ಸಹಾಯ ಪುಟದ ಕೊನೆಯ ಸಾಲಿನ ತನಕ ಓದಿ ಒಬ್ಬರು ಬರೆದದ್ದು ಇದೇ ಮೊದಲು. ನಾನು ಅಲಕಾ, ತುಮಕೂರಿನವಳು. ಇಲ್ಲಿ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ತಂಡದ ಕೆಲಸ ಸಂಜೆ.

ತೊಂದರೆ ನಿಮ್ಮದೂ ಅಲ್ಲ, ಯಜಮಾನರದೂ ಅಲ್ಲ. ಕಾಗದ ಬರೆದರೆ, ಲೆಕ್ಕದ ಹಾಳೆ ಮಾಡಿದರೆ, ಅವು ಒಂದು ಆಫೀಸಿನಿಂದ ಇನ್ನೊಂದಕ್ಕೆ ಹೇಗೋ ಹೋಗಿಬಿಡುತ್ತವೆ. ಡೇಟಾಬೇಸ್ ಮಾತ್ರ ಹುಟ್ಟಿದ ಮನೆ ಬಿಟ್ಟು ಕದಲುವುದಿಲ್ಲ. ಮಾಡುವುದೂ ಕಷ್ಟ. ಹಣ ಕೊಟ್ಟು ತಂತ್ರಾಂಶ ಕೊಳ್ಳದವರಿಗೂ ಅದು ಸುಲಭವಾಗಬೇಕು, ಎಲ್ಲಿ ಮಾಡಿದ್ದೂ ಎಲ್ಲಿಯೂ ತೆರೆಯಬೇಕು ಎಂದು ಹಲವು ಊರುಗಳ ಜನ ಕೂಡಿ ಕೆಲಸ ಮಾಡುತ್ತಿದ್ದೇವೆ. ಅದರ ಕನ್ನಡದ ಪಾಲು ನಮ್ಮ ತಂಡದ್ದು.

ಫೈಲ್ ಕಳುಹಿಸಿ. ಮಾಹಿತಿಯನ್ನು ತಂತ್ರಾಂಶದಿಂದ ಬಿಡಿಸಿ ಬೇರೆಯಾಗಿ ಇಡುತ್ತೇವೆ. ಆಮೇಲೆ ನಿಮ್ಮ ಲ್ಯಾಪ್‌ಟಾಪೂ ಕಮಿಟಿಯವರ ಕಂಪ್ಯೂಟರೂ ಒಂದನ್ನೇ ನೋಡಬಹುದು.

ಕೇಳುವ ಹಾಗಿಲ್ಲ ಎಂದಿದ್ದೀರಿ, ಯಜಮಾನರು ಊರಿಗೆ ಹೋಗಿರಬೇಕು. ಅವರು ಊರಿನಿಂದ ಬಂದ ಮೇಲೆ ಒಂದು ಮಾತು ಕೇಳಿ: ಟೇಬಲ್ಲಿನ ಯಾವ ಮನೆಯಲ್ಲಿ, ಅಂದರೆ ಯಾವ ಕಾಲಮ್ಮಿನಲ್ಲಿ, ಏನು ತುಂಬಬೇಕೆಂದು ಮಾಡಿದ್ದರು? ಮಾಡಿದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ.

ಅಲಕಾ
(ಕನ್ನಡ ತಂಡದ ಪರವಾಗಿ)


ಮಿರಜ
2 ಆಗಸ್ಟ್ 2024

ಅಲಕಾ ಅಕ್ಕಾವರಿಗೆ,

ಫೈಲ್ ಇದರ ಜೊತೆ ಇದೆ. ಸ್ವಪ್ನಾಲಿ ಕಳಿಸಲು ಕಲಿಸಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ.

ನಮ್ಮವರಿಗೆ ಕೇಳುವುದು ಆಗಲಿಲ್ಲ.

ಇಲ್ಲಿ ಮಳೆ. ಖೋಲಿಗೆ ಯಾರೂ ಬರುತ್ತಿಲ್ಲ. ನಾನು ಪಾತ್ರೆಗಳನ್ನು ಒರೆಸಿ ಒರೆಸಿ ಇಡುತ್ತೇನೆ. ನಿನ್ನೆ ಪಾಯಪ್ಪ ಕಾಕಾ ಛತ್ರಿ ಹಿಡಿದು ಬಾಗಿಲಲ್ಲಿ ನಿಂತು, "ಸುಮನಾ, ಎಷ್ಟ ದಿನಾ ಹಿಂಗ ಕುಂದ್ರಾಕಿ ಇಲ್ಲೆ? ಮನಿಗೆ ಹೋಗವಾ" ಎಂದರು. "ಮನ್ಯಾಗೂ ಕುಂದ್ರೂದ ಅಲ್ಲೇನ್ರಿ ಕಾಕಾ" ಎಂದೆ. ಅವರು ಕೆಟ್ಟವರಲ್ಲ. ಖೋಲಿಯ ಹಿಂಬದಿ ಸೋರುತ್ತದೆ, ರಿಪೇರಿಯ ಚಿಂತೆ ಅವರಿಗೆ.

ನಿಮ್ಮ ವಿಳಾಸ ಕಳಿಸಿರಿ. ಇಲ್ಲಿಯ ಒಣದ್ರಾಕ್ಷಿ ಚೆನ್ನಾಗಿರುತ್ತದೆ. ನಿಮ್ಮ ತಂಡದವರಿಗೆಲ್ಲ ಸಾಲುವಷ್ಟು ಕಳಿಸುತ್ತೇನೆ. ಎಲ್ಲರೂ ಹಂಚಿಕೊಳ್ಳಿ. ಎಲ್ಲರಿಗೂ ನನ್ನ ನಮಸ್ಕಾರ ಹೇಳಿ.

ಸುಮನ


ಭೋಪಾಲ
18 ಆಗಸ್ಟ್ 2024

ಪ್ರಿಯ ಸುಮನ ಅವರಿಗೆ,

ಎರಡು ಸಂತೋಷದ ಸುದ್ದಿ. ದ್ರಾಕ್ಷಿಯ ಪೊಟ್ಟಣ ಬಂತು. ತಂಡದವರೆಲ್ಲ ಮೆಚ್ಚಿ ತಿಂದರು. ಎರಡನೆಯದು, ನಿಮ್ಮ ಫೈಲ್ ಬಿಡಿಸಿದ್ದೇವೆ. ಹೊಸ ಫೈಲೂ ಜೋಡಿಸುವ ಬಗೆಯೂ ಇದರ ಜೊತೆಗಿವೆ. ಕಮಿಟಿಯ ಆಫೀಸಿನಲ್ಲೂ ತೆರೆಯುತ್ತದೆ, ಇಲ್ಲಿ ಪರೀಕ್ಷಿಸಿ ನೋಡಿದೆ.

ಒಳಗೆ ಸ್ವಲ್ಪ ಅಚ್ಚುಕಟ್ಟು ಮಾಡಬೇಕಾಯಿತು. ಹೆಸರು, ಪಾತ್ರೆ, ಊರು, ಬಂತೇ ಎಂದು ನಾಲ್ಕು ಮನೆಗಳಿದ್ದವು. ದುಂಡವ್ವ ಎನ್ನುವವರು ಮಾಲಗಾಂವದಲ್ಲೂ ಇದ್ದಾರೆ, ಸಲಗರೆಯಲ್ಲೂ ಇದ್ದಾರೆ, ಕವಲಾಪುರದಲ್ಲೂ ಇದ್ದಾರೆ, ಎಲ್ಲರೂ ಕಡಾಯಿಯನ್ನೇ ಒಯ್ದಿದ್ದಾರೆ. ಗೊಂದಲವಾಗದಿರಲಿ ಎಂದು ಒಬ್ಬೊಬ್ಬ ದುಂಡವ್ವನಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದೇವೆ. ಕವಲಾಪುರದ ದುಂಡವ್ವನವರು ಕಡಾಯಿ ಹಿಂದಿರುಗಿಸಿಲ್ಲ, ದಯವಿಟ್ಟು ಅವರಿಗೆ ಫೋನ್ ಮಾಡಿ. ತವನಪ್ಪ ಎನ್ನುವವರದೂ ಹೀಗೇ ಇತ್ತು.

'ಬಂತೇ' ಎಂಬ ಕಡೆ ಹೊತ್ತು ಮುಳುಗುವ ಮೊದಲು, ಆಮೇಲೆ ಎಂದು ಬರೆದಿತ್ತು. ಅದರ ಬದಲು ಗಡಿಯಾರದ ಸಮಯ ಹಾಕುವಂತೆ ಮಾಡಿದ್ದೇವೆ.

ಅಜಿತ ಎಂದು ಒಂದು ಸಾಲಿತ್ತು. ಹೆಸರು ಬಿಟ್ಟರೆ ಬೇರೇನೂ ಇಲ್ಲ, ಪಾತ್ರೆಯೂ ಇಲ್ಲ, ಊರೂ ಇಲ್ಲ. ಬೆರಳು ತಪ್ಪಿ ಬಿದ್ದದ್ದಿರಬೇಕೆಂದು ಅಳಿಸಿದೆವು. ಇನ್ನು ಮುಂದೆ ಪಾತ್ರೆಯ ಮನೆ ಖಾಲಿ ಬಿಟ್ಟರೆ ತಂತ್ರಾಂಶ ಒಪ್ಪುವುದಿಲ್ಲ, ಹಾಗೆ ಕಟ್ಟು ಹಾಕಿದ್ದೇವೆ.

ತೆರೆದು ನೋಡಿ ತಿಳಿಸಿ.

ಅಲಕಾ


ಭೋಪಾಲ
7 ಸೆಪ್ಟೆಂಬರ್ 2024

ಪ್ರಿಯ ಸುಮನ ಅವರಿಗೆ,

ಫೈಲ್ ತೆರೆಯಿತೇ? ತೆರೆಯದಿದ್ದರೆ ಪರದೆಯ ಮೇಲೆ ಏನು ಬರುತ್ತದೆ ಎಂದು ಹಾಗೆಯೇ ಬರೆದು ಕಳಿಸಿ. ಜೋಡಿಸುವ ಬಗೆಯನ್ನು ಇನ್ನೂ ಸರಳ ಮಾಡಿ ಮತ್ತೆ ಕಳಿಸುತ್ತಿದ್ದೇನೆ, ಈ ಸಲ ಚಿತ್ರಗಳ ಜೊತೆ. ಯಜಮಾನರು ಬಂದಿದ್ದರೆ ಅವರಿಗೆ ತೋರಿಸಿ, ಕೂಡಲೇ ತಿಳಿಯುತ್ತದೆ.

ಅಲಕಾ


ಭೋಪಾಲ
2 ಅಕ್ಟೋಬರ್ 2024

ಸುಮನ ಅವರಿಗೆ,

ಇಂದು ಕಾಲೇಜಿಗೆ ರಜೆ. ಬೆಳಿಗ್ಗೆಯಿಂದ ಮೂರು ಸಲ ಮೇಲ್ ನೋಡಿದೆ. ದೀಪಾವಳಿ ಹತ್ತಿರ ಬಂತು, ನಿಮ್ಮ ಸಭೆಯೂ ಬಂತು. ಫೈಲ್ ಕೆಲಸ ಮಾಡದಿದ್ದರೂ ಚಿಂತೆಯಿಲ್ಲ, ಬೇರೆ ದಾರಿ ಹುಡುಕಬಹುದು. ಒಂದು ಸಾಲು ಬರೆಯಿರಿ. ಚೆನ್ನಾಗಿದ್ದೀರಿ ತಾನೇ?

ಅಲಕಾ


ಮಿರಜ
19 ಅಕ್ಟೋಬರ್ 2024

ಅಲಕಾ ಅಕ್ಕಾವರಿಗೆ,

ನಿಮ್ಮ ಎಲ್ಲ ಪತ್ರಗಳು ಬಂದಿವೆ. ಫೈಲ್ ಬಂದ ದಿನವೇ ತೆರೆಯಿತು. ಚೆನ್ನಾಗಿ ತೆರೆಯಿತು. ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ, ಅದಕ್ಕೆ ನೀವು ಏನು ಮಾಡುವುದು.

ಮೊದಲು ದುಂಡವ್ವನ ಮಾತು. ದುಂಡವ್ವ ಒಬ್ಬಳೇ. ಅವಳು ತೀರಿಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ಅವಳು ಶಿರಾ ಮಾಡುವ ಕಡಾಯಿ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ವರ್ಷ ತುಂಬಿದ ದಿನ ಮನೆಯವರು ಖೋಲಿಗೆ ಒಂದು ಪಾತ್ರೆ ಕೊಡುತ್ತಾರೆ, ಅದರ ಮೇಲೆ ಹೋದವರ ಹೆಸರು ಕೊರೆಸುತ್ತಾರೆ. ಆಮೇಲೆ ಅದನ್ನು ಪಾತ್ರೆ ಎಂದು ಯಾರೂ ಕರೆಯುವುದಿಲ್ಲ, ಹೆಸರಿನಿಂದಲೇ ಕರೆಯುತ್ತಾರೆ. "ದುಂಡವ್ವ ಅದಾಳೇನ್ರಿ?" ಎಂದು ಬರುತ್ತಾರೆ. "ಇಲ್ಲ, ಕವಲಾಪುರಕ್ಕ ಹೋಗ್ಯಾಳ" ಎನ್ನುತ್ತೇನೆ. "ಹಂಗಾದ್ರ ತವನಪ್ಪನ್ನ ಕೊಡ್ರಿ, ಊಟಕ್ಕ ನಾಕ ಮಂದಿ ಕಡಿಮಿ ಅದಾರ, ಸಣ್ಣಾಂವ ಸಾಕು" ಎನ್ನುತ್ತಾರೆ. ಒಯ್ಯುವವರ ಹೆಸರನ್ನು ನಾವು ಬರೆಯುವುದೇ ಇಲ್ಲ, ಊರು ಬರೆದರೆ ಸಾಕು, ಮನೆಗಳು ಗೊತ್ತಿರುತ್ತವೆ. ಇದೆಲ್ಲ ಎಲ್ಲರಿಗೂ ತಿಳಿದದ್ದೇ ಎಂದುಕೊಂಡು ನಿಮಗೆ ಹೇಳಲಿಲ್ಲ. ಕವಲಾಪುರದ ದುಂಡವ್ವನಿಗೆ ಫೋನ್ ಮಾಡಿ ಎಂದು ನೀವು ಬರೆದದ್ದನ್ನು ಓದಿ ನನಗೆ ನಗು ಬಂತು. ಮಾರ್ಚಿನ ನಂತರ ಮೊದಲ ಸಲ ನಕ್ಕೆ. ಅದೇ ಪುಟದ ಕೆಳಗೆ ಅಜಿತ ಎಂಬುದನ್ನು ಅಳಿಸಿದ್ದೇವೆ ಎಂದು ಇತ್ತು.

ಅದು ನಮ್ಮವರ ಹೆಸರು.

ಮಾರ್ಚಿನಲ್ಲಿ ಹೋದರು. ಸಾಂಗಲಿಯಿಂದ ಬಂದು ಬಸ್ ಇಳಿದು ನಿಲ್ದಾಣದ ಕಟ್ಟೆಯ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ. ಸುತ್ತಲಿನ ಜಿಲ್ಲೆಗಳ ಜನ ಆಸ್ಪತ್ರೆಗೆಂದು ಮಿರಜಕ್ಕೆ ಬರುತ್ತಾರೆ. ಇಲ್ಲಿಯೇ ಇದ್ದ ಇವರಿಗೆ ಒಂದು ಆಸ್ಪತ್ರೆಯ ಬಾಗಿಲ ತನಕ ಹೋಗಲು ಆಗಲಿಲ್ಲ. ಅವರು ಊರಿನಿಂದ ಬಂದ ಮೇಲೆ ಕೇಳಿ ಎಂದು ನೀವು ಬರೆದಾಗಲೇ ನಾನು ತಿದ್ದಬೇಕಿತ್ತು. ಇಲ್ಲಿ ಎಲ್ಲರಿಗೂ ಗೊತ್ತು. ಎಲ್ಲೋ ದೂರದಲ್ಲಿ ಒಬ್ಬರಾದರೂ ಅವರು ಊರಿಗೆ ಹೋಗಿದ್ದಾರೆ ಎಂದುಕೊಂಡಿದ್ದಾರಲ್ಲ, ಇರಲಿ ಎನಿಸಿತು.

ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಪ್ರಾಸದ ಒಡಪಿನೊಳಗೆ ಕಟ್ಟಿ ಒಮ್ಮೆ ಹೇಳಿದ್ದೆ, ಅಷ್ಟೇ. ಏಪ್ರಿಲಿನಲ್ಲಿ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದಾಗ ಆ ಹೆಸರು ನಾನೇ ಹಾಕಿದೆ. ಬಾಯಿಂದ ಆಗದ್ದು ಬೆರಳಿನಿಂದ ಆಯಿತು. ಆದರೆ ಪಾತ್ರೆ ಯಾವುದು ಎಂದು ತಿಳಿಯಲಿಲ್ಲ. ಕಡಾಯಿ ಆದರೆ ಒಲೆಯ ಮೇಲೆ ಕೂಡಬೇಕು. ಅವರು ಚಹಾವನ್ನೂ ಕಪ್ಪಿನ ಬಸಿಗೆ ಸುರಿದು ಆರಿಸಿ ಕುಡಿಯುವವರು. ಅದಕ್ಕೆ ಆ ಮನೆ ಖಾಲಿ ಬಿಟ್ಟಿದ್ದೆ. ಬೆರಳು ತಪ್ಪಿದ್ದಲ್ಲ.

ಇನ್ನೊಂದು ಭಯವೂ ಇದೆ. ಪಾತ್ರೆ ಕೊಟ್ಟ ಮೇಲೆ ಜನ ಬಂದು ಅಜಿತ ಎಲ್ಲಿ ಎಂದು ನನ್ನನ್ನೇ ಕೇಳುತ್ತಾರೆ. ಖೋಲಿಯಲ್ಲಿ ಕೂಡುವವಳು ನಾನು.

ನಿಮ್ಮ ಮೇಲೆ ಸಿಟ್ಟಿಲ್ಲ. ಉತ್ತರ ಬರೆಯಲು ಕೂತರೆ ಆ ಹೆಸರು ಮತ್ತೆ ಬರೆಯಬೇಕಾಗುತ್ತಿತ್ತು, ಅದಕ್ಕೆ ತಡವಾಯಿತು.

ಸುಮನ


ಭೋಪಾಲ
20 ಅಕ್ಟೋಬರ್ 2024

ಸುಮನ ಅವರಿಗೆ,

ನಿಮ್ಮ ಪತ್ರ ಓದಿ ಕೂಡಲೇ ಫೈಲ್ ತೆರೆದೆ. ಆಮೇಲೆ ಮಾಡಿದ್ದು ಇಷ್ಟು. ದುಂಡವ್ವನನ್ನು ಒಬ್ಬಳನ್ನಾಗಿ ಮಾಡಿದ್ದೇನೆ, ತವನಪ್ಪನವರನ್ನೂ. ಗಡಿಯಾರ ತೆಗೆದು ಹೊತ್ತು ಮುಳುಗುವುದನ್ನು ಮತ್ತೆ ತಂದಿದ್ದೇನೆ. ನಿಮ್ಮ ಮೊದಲಿನ ಫೈಲ್ ನನ್ನ ಹತ್ತಿರ ಹಾಗೆಯೇ ಇತ್ತು. ಅದರಿಂದ ಆ ಸಾಲನ್ನು ತೆಗೆದು ಇದ್ದ ಜಾಗದಲ್ಲೇ ಇಟ್ಟಿದ್ದೇನೆ. ಖಾಲಿ ಬಿಟ್ಟರೆ ಒಪ್ಪುವುದಿಲ್ಲ ಎಂದು ಹಾಕಿದ್ದ ಕಟ್ಟನ್ನು ಬಿಚ್ಚಿದ್ದೇನೆ. ಎಷ್ಟು ದಿನ ಬೇಕಾದರೂ ಖಾಲಿ ಇರಲಿ. ಯಾವ ತಂತ್ರಾಂಶವೂ ನಿಮ್ಮನ್ನು ಕೇಳುವುದಿಲ್ಲ.

ನಾನೂ ಒಂದು ಮಾತು ಹೇಳಿರಲಿಲ್ಲ. ಕನ್ನಡ ತಂಡ ಎಂದು ಬರೆಯುತ್ತಿದ್ದೆನಲ್ಲ, ಅದರಲ್ಲಿ ಇರುವುದು ನಾನೊಬ್ಬಳೇ. ನಿಮ್ಮ ದ್ರಾಕ್ಷಿ ಇನ್ನೂ ಡಬ್ಬಿಯಲ್ಲಿದೆ. ಬೆಳಿಗ್ಗೆ ಒಂದು ಹಿಡಿ ತಿಂದು ಕಾಲೇಜಿಗೆ ಹೋಗುತ್ತೇನೆ.

ಅಮ್ಮ ಇದ್ದಾಗ ದಿನವೂ ಫೋನಿನಲ್ಲಿ ಕನ್ನಡ ಆಡುತ್ತಿದ್ದೆ. ಅಮ್ಮ ಹೋದ ಮೇಲೆ ಇಲ್ಲಿ ಆಡಲು ಯಾರೂ ಇಲ್ಲ. ಸಂಜೆ ಕೂತು ಸಹಾಯ ಪುಟಗಳನ್ನು ಕನ್ನಡಕ್ಕೆ ತರಲು ಶುರು ಮಾಡಿದೆ. ಇಲ್ಲಿ ಒತ್ತಿ, ಉಳಿಸಿ, ಹಿಂದಕ್ಕೆ ಹೋಗಿ. ದಿನಕ್ಕೆ ಅಷ್ಟಾದರೂ ಆಗುತ್ತಿತ್ತು. ಕೊನೆಯಲ್ಲಿ ತಿಳಿಯದಿದ್ದರೆ ಬರೆಯಿರಿ ಎಂದು ಹಾಕಿದ್ದೆ. ಯಾರಿಗಾದರೂ ತಿಳಿಯದೆ ಇರಲಿ ಎಂಬ ಆಸೆಯೂ ಸ್ವಲ್ಪ ಇತ್ತು.

ಅಲಕಾ


ಮಿರಜ
11 ನವೆಂಬರ್ 2024

ಅಲಕಾಗೆ,

ನಿನ್ನೆ ಸಭೆ ಆಯಿತು. ನೀವು ನನಗಿಂತ ಚಿಕ್ಕವರೆಂದು ಈಗ ಅನಿಸುತ್ತದೆ, ಅದಕ್ಕೆ ಹೆಸರು ಹಿಡಿದು ಬರೆಯುತ್ತಿದ್ದೇನೆ. ಸಿಟ್ಟಾಗಬೇಡಿ.

ಕಮಿಟಿಯ ಕಂಪ್ಯೂಟರಿನ ಮುಂದೆ ನನ್ನನ್ನು ಕೂಡಿಸಿದರು. ಪಾಯಪ್ಪ ಕಾಕಾ ಹಿಂದೆ ನಿಂತು, "ನಿಂದು ಫುಕಟ್ ಆಫೀಸು, ನಮ್ಮದು ರೊಕ್ಕದ್ದು. ಅದರಾಗಿಂದು ಇದರಾಗ ಹೆಂಗ ಬಂದೀತವಾ" ಎಂದರು. ನಾನು ನೀವು ಬರೆದಂತೆ ಒಂದೊಂದೇ ಒತ್ತಿದೆ. ಬಂತು. ಸ್ವಪ್ನಾಲಿ ಪಕ್ಕದಲ್ಲಿ ತನ್ನ ಲ್ಯಾಪ್‌ಟಾಪಿನಲ್ಲೂ ಅದನ್ನೇ ತೆರೆದು ತೋರಿಸಿದಳು. ಎರಡರಲ್ಲೂ ಅದೇ ಹೆಸರುಗಳು, ಅದೇ ಊರುಗಳು.

ಆದರೂ ಕೆಲವರು, ಕಂಪ್ಯೂಟರಿನಲ್ಲಿ ಬಂದರೇನಾಯಿತು, ಒಯ್ಯುವವರು ಕಡಿಮೆ, ತೂಕಕ್ಕೆ ಹಾಕಿ ಚಾವಣಿ ಮಾಡಿಸೋಣ ಎಂದರು. ಕಾಕಾ ತಲೆಯಾಡಿಸುತ್ತಿದ್ದರು. ಆಗ ಮಂಗಲಾ ವಹಿನಿ, ಕಮಿಟಿಯಲ್ಲಿ ಇರುವ ಒಬ್ಬಳೇ ಹೆಂಗಸು, ಕೂತಲ್ಲಿಂದಲೇ ಕೇಳಿದಳು: "ಕಾಕಾ, ತಕ್ಕಡ್ಯಾಗ ಮೊದಲ ಯಾರನ್ನ ಕುಂದರಸ್ತೀರಿ? ದುಂಡವ್ವನ್ನೇನ?"

ನಿಮಗೆ ಹೇಳಿರಲಿಲ್ಲ, ದುಂಡವ್ವ ಪಾಯಪ್ಪ ಕಾಕಾನ ತಾಯಿ.

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಪರದೆಯ ಹತ್ತಿರ ಬಗ್ಗಿ, "ಅವ್ವ ಎಲ್ಲೆ ಅದಾಳ ನೋಡವಾ" ಎಂದರು. ನೋಡಿದೆ. ಕವಲಾಪುರ ಎಂದು ಬಂತು, ಬೇಸಿಗೆಯಲ್ಲಿ ಹೋದವಳನ್ನು ಅಲ್ಲಿಯವರು ಇನ್ನೂ ತಂದಿಟ್ಟಿಲ್ಲ. ಅದರ ಹಿಂದೆ ಮಾಲಗಾಂವ, ಅದರ ಹಿಂದೆ ಸಲಗರೆ, ಮಹಾಪೂರದ ವರ್ಷದ ಗಂಜಿ ಕೇಂದ್ರ. ಕಾಕಾ ಕನ್ನಡಕ ಮೇಲೆತ್ತಿ ಎಲ್ಲವನ್ನೂ ಓದಿದರು. "ಬದುಕಿದ್ದಾಗ ಮಿರಜ ದಾಟಿದಾಕಿ ಅಲ್ಲ" ಎಂದರು. ಆಮೇಲೆ, "ಬಂದ ಮ್ಯಾಲ ನನಗ ಹೇಳು. ನೋಡಿ ಭಾಳ ದಿನಾ ಆತು."

ಖೋಲಿ ಉಳಿಯಿತು. ಚಾವಣಿಗೆ ತಗಡು ಹಾಕುವುದೆಂದು ಬರೆದುಕೊಂಡರು.

ಎಲ್ಲರೂ ಹೋದ ಮೇಲೆ ನಾನು ಕೆಳಗಿನ ತನಕ ನೋಡಿದೆ. ಆ ಸಾಲು ಇದೆ, ಪಕ್ಕದ ಮನೆ ಖಾಲಿ ಇದೆ. ಹೇಗಿತ್ತೋ ಹಾಗೇ. ಚೆನ್ನಾಗಿ ಇಟ್ಟಿದ್ದೀರಿ.

ಸುಮನ


ಭೋಪಾಲ
16 ನವೆಂಬರ್ 2024

ಸುಮನಕ್ಕನಿಗೆ,

ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದೆ. ಮನೆಯಲ್ಲಿ ಕನ್ನಡ ಕೇಳಿಸಿ ಬಹಳ ದಿನವಾಗಿತ್ತು.

ಖಾಲಿ ಮನೆಯ ಬಗ್ಗೆ ಅವಸರ ಮಾಡುತ್ತಿಲ್ಲ. ಒಂದೇ ಒಂದು ಕೇಳುತ್ತೇನೆ. ಊಟಕ್ಕೆ ಕೂತಾಗ ಅವರು ಕೊನೆಗೆ ಏನು ಕೇಳುತ್ತಿದ್ದರು?

ಅಲಕಾ


ಮಿರಜ
23 ಮಾರ್ಚ್ 2025

ತಂಗಿ ಅಲಕಾಗೆ,

ನಾಲ್ಕು ತಿಂಗಳಾಯಿತು, ಬರೆದಿಲ್ಲ. ಈ ಸಲ ಸಿಟ್ಟೂ ಇರಲಿಲ್ಲ, ಭಯವೂ ಇರಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಕೂಡಲೇ ಗೊತ್ತಾಯಿತು, ಆದರೆ ಅದನ್ನು ಮಾಡಿಯೇ ಬರೆಯೋಣ ಎಂದುಕೊಂಡೆ.

ಮಜ್ಜಿಗೆ. ಮಳೆ ಇರಲಿ, ಚಳಿ ಇರಲಿ, ಕೊನೆಗೆ ಮಜ್ಜಿಗೆ ಬೇಕು. ಅದೂ ಎರಡು ಸಲ.

ವರ್ಷ ತುಂಬುವ ಮೊದಲು ಸ್ವಪ್ನಾಲಿಯ ಜೊತೆ ಪೇಟೆಗೆ ಹೋಗಿ ಮಜ್ಜಿಗೆಗೆಂದು ಒಂದು ದೊಡ್ಡ ಪಾತೇಲಿ ತೆಗೆದುಕೊಂಡೆ. ಮುಚ್ಚಳ ಇದೆ, ಎರಡೂ ಕಡೆ ಹಿಡಿ ಇದೆ. ಅದು ಎಂದೂ ಒಲೆ ಏರುವುದಿಲ್ಲ. ಕೊರೆಯುವವನು ಮಷೀನ್ ಹಿಡಿದು ಹೆಸರು ಹೇಳಿ ಎಂದ. ನನ್ನ ಪರವಾಗಿ ಹೇಳಲು ಸ್ವಪ್ನಾಲಿ ಬಾಯಿ ತೆರೆದಳು. ಅವಳ ಕೈ ಹಿಡಿದು ನಾನೇ ಹೇಳಿದೆ. ಒಡಪು ಇಲ್ಲದೆ. ಅವನಿಗೆ ಕೇಳಿಸಲಿಲ್ಲ, ಬೀದಿಯಲ್ಲಿ ಗದ್ದಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು.

ಹೊಸ ಪಾತ್ರೆ ಮೊದಲ ಸಲ ಕೊಟ್ಟವರ ಮನೆಗೆ ಹೋಗಬಾರದು, ಬೇರೆಯವರ ಮನೆಗೇ ಹೋಗಬೇಕು. ಅದು ನಮ್ಮ ಪದ್ಧತಿ. ವರ್ಷದ ದಿನ ನಮ್ಮ ಮನೆಯ ಊಟಕ್ಕೆ ಖೋಲಿಯ ಹಳೆಯ ಪಾತೇಲಿ ಸುನಂದಾಬಾಯಿಯನ್ನು ತಂದು ಮಜ್ಜಿಗೆ ಮಾಡಿದೆ. ಹೊಸದು ಖೋಲಿಯಲ್ಲೇ ಇತ್ತು.

ಇವತ್ತು ಸಲಗರೆಯಲ್ಲಿ ಒಂದು ಮದುವೆ. ಬೆಳಿಗ್ಗೆ ಮದುಮಗಳ ಅಣ್ಣ ಅಮರ ಟೆಂಪೋ ತಂದು ದುಂಡವ್ವ, ತವನಪ್ಪ ಎಲ್ಲರನ್ನೂ ಒಯ್ದ. ಬಿಸಿಲು ಬಹಳ ಇದೆ, ಮಜ್ಜಿಗೆಗೆ ಏನಾದರೂ ಕೊಡಿ ಎಂದ. ಕೊಟ್ಟೆ. ಟೆಂಪೋ ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದೆ. ನಾನು ಹುಟ್ಟಿದ ಊರು ಅದು. ಅವರಿಗೆ ಅಲ್ಲಿಯ ದಾರಿ ಗೊತ್ತು.

ಆಮೇಲೆ ಲ್ಯಾಪ್‌ಟಾಪ್ ತೆರೆದು ಖಾಲಿ ಮನೆಗಳನ್ನು ತುಂಬಿದೆ. ಪಾತ್ರೆ: ಮಜ್ಜಿಗೆಯ ಪಾತೇಲಿ. ಊರು: ಸಲಗರೆ. 'ಬಂತೇ' ಎಂಬುದೊಂದು ಉಳಿದಿದೆ.

ನಾಲ್ಕು ಗಂಟೆಯ ಸುಮಾರಿಗೆ ಪಾಯಪ್ಪ ಕಾಕಾ ಹೊಸ ತಗಡು ನೋಡಲು ಬಂದರು. ಮೇಲೆ ನೋಡಿದರು, ಸಾಲು ಸಾಲು ಪಾತ್ರೆಗಳನ್ನು ನೋಡಿದರು, ಹೊಸದನ್ನು ಇಟ್ಟಿದ್ದ ಜಾಗ ನೋಡಿದರು. ಅವರಿಗೆ ಅದು ಮಾತಿನ ರೂಢಿ, ಏನೂ ಯೋಚಿಸದೆ ಕೇಳಿದರು.

"ಅಜಿತ ಎಲ್ಲೆ ಹೋಗ್ಯಾನ?"

ಕೇಳಿದ ಮೇಲೆ ಅವರಿಗೇ ಅರಿವಾಗಿ ಮುಖ ಸಣ್ಣದಾಯಿತು. ಇದಕ್ಕೇ ಹೆದರಿ ನಾನು ಒಂದು ವರ್ಷ ಕೂತಿದ್ದೆ. ಉತ್ತರ ಮಾತ್ರ ತಾನಾಗಿ ಬಂತು.

"ಸಲಗರಿಗೆ ಹೋಗ್ಯಾರ್ರಿ ಕಾಕಾ. ಹೊತ್ತ ಮುಳುಗೂದ್ರಾಗ ಬರ್ತಾರ."

ಕಾಕಾ ಹೂಂ ಎಂದು ಹೋದರು. ಬಿಸಿಲು ಈಗ ಬಾಗಿಲಿನಿಂದ ಇಳಿದು ಮೆಟ್ಟಿಲ ಮೇಲಿದೆ. ಟೆಂಪೋ ಇನ್ನೂ ಬಂದಿಲ್ಲ. ನಾನು ಬಾಗಿಲು ತೆರೆದಿಟ್ಟು ಕೂತು ನಿನಗೆ ಇದನ್ನು ಬರೆಯುತ್ತಿದ್ದೇನೆ.

ಸುಮನಕ್ಕ